ತಲೆಗೆ ನಾಲ್ಕು ಲಕ್ಷ

ತನಗೆ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಆದಾಯವಿದೆ ಎಂಬ ಸಂಗತಿ ಚಿಕ್ಕಬೋರಮ್ಮನಿಗೆ ತಿಳಿದದ್ದು ಪಂಚಾಯಿತಿ ಕಚೇರಿಯ ಮುಂದೆ ಹೊಸದಾಗಿ ನೆಟ್ಟಿದ್ದ ಬೋರ್ಡಿನಿಂದ.

ಅವಳು ಬಿದರಕೊಪ್ಪಲಿನವಳು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸು ಕೆ.ಎಂ. ದೊಡ್ಡಿ ದಾಟಿದ ಮೇಲೆ ಒಂದು ಅರಳಿಮರದ ಹತ್ತಿರ ನಿಲ್ಲುತ್ತದೆ. ಅಲ್ಲಿ ಇಳಿದು ನಾಲೆ ಏರಿಯ ಮೇಲೆ ಅರ್ಧ ಗಂಟೆ ನಡೆದರೆ ಆ ಊರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಚಿಕ್ಕಬೋರಮ್ಮ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಬಂದ ಕೂಲಿಯಲ್ಲಿ ಎಲೆ ಅಡಿಕೆಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನು ಸೊಸೆ ಅರ್ಪಿತಳ ಕೈಗೆ ಕೊಡುತ್ತಿದ್ದಳು.

ಅರ್ಪಿತ ಐದು ತಿಂಗಳ ಬಸುರಿ. ಕಾಲು ಊದಿಕೊಳ್ಳಲು ಶುರುವಾಗಿತ್ತು. ಪಂಚಾಯಿತಿ ಕಚೇರಿಯ ಪಕ್ಕದಲ್ಲೇ ಆರೋಗ್ಯ ಉಪಕೇಂದ್ರದ ಕಟ್ಟಡವಿತ್ತು. ಅದನ್ನು ಕಟ್ಟಿ, ಬಣ್ಣ ಬಳಿದು, ಟೇಪು ಕತ್ತರಿಸಿ, ಬೀಗ ಹಾಕಿದ್ದರು. ಇನ್ನೇನು ನರ್ಸಮ್ಮ ಬರುತ್ತಾರೆ ಎಂದು ಎರಡು ವರ್ಷದಿಂದ ಹೇಳುತ್ತಿದ್ದರಿಂದ, ಊರಿನ ಬಸುರಿಯರು ಆಗಾಗ ಬಂದು ಬೀಗ ನೋಡಿಕೊಂಡು ಹೋಗುವುದು ರೂಢಿಯಾಗಿತ್ತು. ಅತ್ತೆ ಸೊಸೆ ಅವತ್ತೂ ಬೀಗ ನೋಡಿ ಹಿಂದಿರುಗುವಾಗ ಬೋರ್ಡು ಕಂಡಿತು. ಚಿಕ್ಕಬೋರಮ್ಮನಿಗೆ ಓದು ಬಾರದು. ಅರ್ಪಿತ ಗಟ್ಟಿಯಾಗಿ ಓದಿದಳು.

"ಸಮೃದ್ಧ ಗ್ರಾಮ ಬಿದರಕೊಪ್ಪಲಿಗೆ ಸ್ವಾಗತ. ನಮ್ಮ ಗ್ರಾಮಸ್ಥರ ತಲಾ ವಾರ್ಷಿಕ ಆದಾಯ ನಾಲ್ಕು ಲಕ್ಷದ ಹನ್ನೆರಡು ಸಾವಿರ ರೂಪಾಯಿ."

"ತಲಾ ಅಂದ್ರೆ?"

"ಒಂದ್ ತಲೆಗೆ, ಅತ್ತೆ."

"ಯಾರ್ ತಲೆಗೆ?"

"ಎಲ್ಲಾರ್ ತಲೆಗೂವೆ. ನಿಮ್ದೂ ಸೇರಿ."

ಚಿಕ್ಕಬೋರಮ್ಮ ತಲೆಯ ಮೇಲಿನ ಸೆರಗನ್ನು ಸರಿ ಮಾಡಿಕೊಂಡಳು. "ನಮ್ಮನೇಲಿ ಮೂರು ತಲೆ. ಒಟ್ಟೆಲಿರೋದೂ ಸೇರುದ್ರೆ ನಾಕು" ಎಂದಳು.

ಈ ಬೋರ್ಡು ಹಾಕಿಸಿದವನು ಹೊನ್ನಯ್ಯ. ಪಂಚಾಯಿತಿ ಅಧ್ಯಕ್ಷೆ ಅವನ ಹೆಂಡತಿ ಸಣ್ಣತಾಯಮ್ಮ. ಕುರ್ಚಿ ಮಹಿಳಾ ಮೀಸಲಾಗಿದ್ದರಿಂದ ಅವಳು ಗೆದ್ದಳು, ಅವನು ಕೂತ. ಸಹಿ ಬೇಕಾದಾಗ ಕಾಗದಪತ್ರ ಮನೆಗೇ ಹೋಗುತ್ತಿದ್ದವು. ಸಣ್ಣತಾಯಮ್ಮ ಮುದ್ದೆ ತೊಳಸುವ ಕೋಲನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಸಹಿ ಮಾಡಿ, ಮತ್ತೆ ಕೋಲು ಹಿಡಿಯುತ್ತಿದ್ದಳು. ಅಂಥ ದಿನ ಮುದ್ದೆ ಗಂಟಾಗುತ್ತಿತ್ತು. ಹೊನ್ನಯ್ಯ ಅದಕ್ಕೂ ಬೈಯುತ್ತಿದ್ದ.

ಜಿಲ್ಲೆಯಲ್ಲಿ ಆ ವರ್ಷ ಅತಿ ಹೆಚ್ಚು ತಲಾ ಆದಾಯವಿರುವ ಊರಿಗೆ 'ಸಮೃದ್ಧ ಗ್ರಾಮ' ಎಂದು ಪ್ರಶಸ್ತಿ ಕೊಡುವುದಾಗಿ ಪ್ರಕಟಣೆ ಬಂದಾಗ ಹೊನ್ನಯ್ಯನಿಗೆ ಆಸೆ ಹುಟ್ಟಿತು. ಪಂಚಾಯಿತಿಯ ಪಿಡಿಓ ನಾಗರಾಜುವನ್ನು ಕೂರಿಸಿಕೊಂಡು ಕೇಳಿದ. ನಾಗರಾಜು ಮಂಡ್ಯದಿಂದ ದಿನಾ ಬೈಕಿನಲ್ಲಿ ಬರುತ್ತಿದ್ದ, ಹೊನ್ನಯ್ಯನನ್ನೇ ಅಧ್ಯಕ್ಷರೇ ಎಂದು ಕರೆಯುತ್ತಿದ್ದ.

"ಊರಿನ ಎಲ್ಲರ ಆದಾಯ ಕೂಡಿಸಿ, ಜನಸಂಖ್ಯೆಯಿಂದ ಭಾಗಿಸಬೇಕು, ಅಧ್ಯಕ್ಷರೇ. ನಮ್ಮೂರದು ಕೊನೆಯಿಂದ ಐದನೆಯದೋ ಆರನೆಯದೋ ಆಗುತ್ತೆ."

"ಜಯಪ್ರಕಾಶಣ್ಣಂದೂ ಸೇರ್ಸುದ್ರೆ?"

ನಾಗರಾಜು ಮೊಬೈಲಿನಲ್ಲಿ ಭಾಗಾಕಾರ ಮಾಡಿದ. ಬಂದದ್ದನ್ನು ನೋಡಿ ಇನ್ನೊಮ್ಮೆ ಮಾಡಿದ. "ಅವರ ಆಧಾರ್ ವಿಳಾಸ ನಮ್ಮೂರಿನದೇ. ಸೇರಿಸದೆ ಇದ್ರೆ ನಮ್ಮದೇ ತಪ್ಪಾಗುತ್ತೆ" ಎಂದ.

ಜಯಪ್ರಕಾಶ್ ಬೆಂಗಳೂರಿನಲ್ಲಿ ಲೇಔಟ್ ಮಾಡಿ ಸೈಟು ಮಾರುವವರು. ಊರ ಹೊರಗೆ ಏಳು ಎಕರೆ ಕೊಂಡು, ಸುತ್ತ ಎತ್ತರದ ಕಾಂಪೌಂಡು ಎಬ್ಬಿಸಿ, ಒಳಗೆ ಬಂಗಲೆ, ಹುಲ್ಲುಹಾಸು, ಈಜುಕೊಳ ಮಾಡಿಸಿದ್ದರು. ತಿಂಗಳಿಗೊಮ್ಮೆ ಗೆಳೆಯರೊಂದಿಗೆ ಬಂದು ಮಾಂಸ ಸುಟ್ಟು ತಿಂದು ಹೋಗುತ್ತಿದ್ದರು. ಊರಿಗೂ ಅವರಿಗೂ ಅಷ್ಟೇ ಸಂಬಂಧ, ಹೊಗೆಯ ವಾಸನೆ. ಆದರೆ ಈ ದೇಶದಲ್ಲಿ ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ. ಹಾಗಾಗಿ ಅವರು ಬೆಂಗಳೂರಿನಲ್ಲಿ ಗಳಿಸಿದ್ದನ್ನೆಲ್ಲ ಬಿದರಕೊಪ್ಪಲಿನ ಏಳು ಎಕರೆಯಲ್ಲಿ ಬೆಳೆದ ದಪ್ಪ ಮೆಣಸಿನಕಾಯಿ ಎಂದು ತೋರಿಸಿದ್ದರು. ವರ್ಷಕ್ಕೆ ಇಪ್ಪತ್ತೈದು ಕೋಟಿ ರೂಪಾಯಿಯ ದಪ್ಪ ಮೆಣಸಿನಕಾಯಿ. ಬೆಳೆ ನಿಜ ಎಂದು ಪಂಚಾಯಿತಿ ದೃಢೀಕರಿಸಿತ್ತು. ಅದಕ್ಕೆ ಪ್ರತಿಯಾಗಿ ಊರ ಬಾಗಿಲಿಗೆ ಸಿಮೆಂಟಿನ ಕಮಾನು ಬಂದಿತ್ತು. ಬಿದರಕೊಪ್ಪಲಿನ ಜನಸಂಖ್ಯೆ ಆರುನೂರು ಚಿಲ್ಲರೆ. ಭಾಗಾಕಾರ ಸರಿಯಾಗಿಯೇ ಇತ್ತು.

ಮಂಡ್ಯದ ಸಭಾಂಗಣದಲ್ಲಿ ಹೊನ್ನಯ್ಯನಿಗೆ ಪೇಟ ತೊಡಿಸಿ ಫಲಕ ಕೊಟ್ಟರು. ಸಣ್ಣತಾಯಮ್ಮನನ್ನೂ ವೇದಿಕೆಗೆ ಕರೆದಿದ್ದರು. ಅವಳು ಪೇಟದ ಪೆಟ್ಟಿಗೆ ಹಿಡಿದುಕೊಂಡು ನಿಂತಿದ್ದಳು. ಅಕ್ಕಪಕ್ಕದ ಊರುಗಳು ಬಿದರಕೊಪ್ಪಲನ್ನು ನೋಡಿ ಕಲಿಯಬೇಕೆಂದು ಅಧಿಕಾರಿಗಳು ಭಾಷಣ ಮಾಡಿದರು. ನೋಡಲು ನಾಲ್ಕು ಊರಿನವರು ಬಂದರು. ಬಂದವರು ಕಮಾನನ್ನೂ, ಬೀಗ ಹಾಕಿದ ಉಪಕೇಂದ್ರವನ್ನೂ, ಎರಡು ಕೋಣೆಯ ಶಾಲೆಯನ್ನೂ ನೋಡಿ, ಕಲಿಯುವುದೇನೆಂದು ಕೇಳಲು ನಾಚಿಕೊಂಡು, ಟೀ ಕುಡಿದು ಹೋದರು.

ಪ್ರಶಸ್ತಿ ಬಂದ ತಿಂಗಳಲ್ಲೇ ನರ್ಸುಗಳ ನೇಮಕವಾಯಿತು. ಚಿಕ್ಕಬೋರಮ್ಮ ಸುದ್ದಿ ಕೇಳಿ, ಸೊಸೆಯನ್ನು ಕರೆದುಕೊಂಡು ಪಂಚಾಯಿತಿಗೆ ಹೋದಳು. ಅರ್ಪಿತಳ ಕಾಲು ಈಗ ಚಪ್ಪಲಿ ಒಳಗೆ ಹೋಗುತ್ತಿರಲಿಲ್ಲ.

"ನರ್ಸಮ್ಮ ಯಾವತ್ತು ಬತ್ತಾರೆ ಸಾಮಿ?"

"ಬರಲ್ಲ, ಚಿಕ್ಕಬೋರಮ್ಮ" ಎಂದ ನಾಗರಾಜು. "ಹಿಂದುಳಿದ ಊರುಗಳಿಗೆ ಮೊದಲು ಕೊಟ್ಟಿದ್ದಾರೆ. ನಮ್ಮದು ಮುಂದುವರಿದ ಊರು. ನಮಗೆ ಬರಬೇಕಾದವರನ್ನ ಪಕ್ಕದ ಊರಿಗೆ ಹಾಕಿದ್ರು. ತಲೆಗೆ ನಾಲ್ಕು ಲಕ್ಷ ಇರೋರು ದೊಡ್ಡ ಆಸ್ಪತ್ರೆಗೇ ಹೋಗ್ತಾರೆ ಅಂತ ಮೇಲಿನವರ ಲೆಕ್ಕ."

"ಓಯ್ತೀವಿ. ನಮ್ ನಾಕ್ ಲಕ್ಸ ಕೊಡಿ."

"ಅದು ಕೈಗೆ ಬರೋ ದುಡ್ಡಲ್ಲ ಕಣಮ್ಮ. ಸರಾಸರಿ."

"ಸರಾಸರಿ ಅಂದ್ರೆ ಯಾರು?"

ನಾಗರಾಜು ಪೆನ್ನು ಕೆಳಗಿಟ್ಟ. "ನೋಡಿ, ನಿಮ್ಮ ಕೂಲಿ ವರ್ಷಕ್ಕೆ ಒಂದು ಐವತ್ತು ಸಾವಿರ ಇರಬಹುದು. ಜಯಪ್ರಕಾಶ್ ಅವರದು ಕೋಟಿಗಟ್ಟಲೆ. ಎಲ್ಲಾನೂ ಒಂದೇ ಪಾತ್ರೆಗೆ ಸುರಿದು..."

"ಸುರುದ್ರಾ?"

"ಕಾಗದದ ಮೇಲೆ. ಸುರಿದು, ಎಲ್ಲರಿಗೂ ಸಮನಾಗಿ ಹಂಚಿದ್ರೆ ಎಷ್ಟು ಬರುತ್ತೆ ಅಂತ ಲೆಕ್ಕ."

"ಅಂಚುದ್ರಾ?"

"ಇಲ್ಲ."

"ಯಾಕೆ ಅಂಚ್ನಿಲ್ಲ?"

ಅಷ್ಟರಲ್ಲಿ ತಾಲ್ಲೂಕು ಕಚೇರಿಯಿಂದ ಫೋನು ಬಂತು. "ಅದನ್ನ ನನ್ನ ಕೇಳಿದ್ರೆ? ಜಯಪ್ರಕಾಶ್ ಅವರನ್ನೇ ಕೇಳಿ" ಎಂದು ಹೇಳಿ ನಾಗರಾಜು ಫೋನು ಎತ್ತಿಕೊಂಡು ಹೊರಗೆ ಹೋದ. ಅವಳು ನಿಜವಾಗಿ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ.

ಮುಂದಿನ ಭಾನುವಾರ ಬಂಗಲೆಯ ಗೇಟಿನ ಮುಂದೆ ಏಳೆಂಟು ಹೆಂಗಸರು ನಿಂತಿದ್ದರು. ಮುಂದೆ ಚಿಕ್ಕಬೋರಮ್ಮ, ಪಕ್ಕದಲ್ಲಿ ಅವಳ ನಾಟಿ ಜೊತೆಗಾತಿ ಪಟ್ಟಲಮ್ಮ. ಕೆಲವರು ಸಕ್ಕರೆ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ನಾಲ್ಕು ಲಕ್ಷ ಎಷ್ಟು ಭಾರ ಇರುತ್ತದೆಂದು ಅವರಿಗೆ ಅಂದಾಜಿರಲಿಲ್ಲ. ಜಯಪ್ರಕಾಶ್ ಗೆಳೆಯರೊಂದಿಗೆ ಬಂದಿದ್ದರು. ಕಾವಲುಗಾರ ಓಡಿಸಲು ನೋಡಿ ಸೋತು, ಒಳಗೆ ಹೋಗಿ ಅವರನ್ನೇ ಕರೆತಂದ.

"ಏನಮ್ಮ, ದೇವಸ್ಥಾನಕ್ಕಾ?" ಎಂದು ಅವರು ಜೇಬಿಗೆ ಕೈ ಹಾಕಿದರು.

"ಅಲ್ಲ ಕಣಪ್ಪ. ನಮ್ ಪಾಲಿಗೆ."

"ಯಾವ ಪಾಲು?"

"ನಿಮ್ದೂ ನಮ್ದೂ ಸೇರ್ಸಿ ಒಂದೇ ಪಾತ್ರೆಗೆ ಸುರುದವ್ರಂತೆ. ಸಮ್ವಾಗಿ ಅಂಚ್ಬೇಕು, ಅಂಚಿಲ್ಲ ಅಂದ್ರು ನಾಗರಾಜಪ್ಪ. ಬೋರ್ಡ್ ಮ್ಯಾಲೂ ಬರ್ದವ್ರೆ. ನಮ್ಮನೇದು ನಾಕು ತಲೆ."

ಒಳಗಿನಿಂದ ಬಂದ ಗೆಳೆಯರು ಬಿದ್ದು ಬಿದ್ದು ನಕ್ಕರು. ಒಬ್ಬ ಮೊಬೈಲ್ ಹಿಡಿದು ವಿಡಿಯೋ ಮಾಡಿಕೊಳ್ಳತೊಡಗಿದ. ಜಯಪ್ರಕಾಶ್ ಕೂಡ ನಕ್ಕು, ಐನೂರರ ನೋಟು ತೆಗೆದು ಅವಳ ಕೈಗೆ ಇಟ್ಟರು. ಚಿಕ್ಕಬೋರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇದ್ನ ಮುಂಗ್ಡ ಅಂತ ಮಡಿಕತ್ತೀನಿ. ಉಳುದ್ದು ಯಾವತ್ತು?"

ಗೇಟು ಮುಚ್ಚಿತು. ಮನೆಗೆ ಬಂದ ಮೇಲೆ ಮಗ ಕೂಗಾಡಿದ. "ಊರ್ನೋರೆಲ್ಲ ನಗ್ತಾವ್ರೆ. ಭಿಕ್ಸೆ ಬೇಡೋಕೋಗಿದ್ಯಾ ನೀನು?"

"ಭಿಕ್ಸೆ ಅಲ್ಲ ಕಣ್ಲಾ, ಸರಾಸರಿ" ಎಂದಳು ಚಿಕ್ಕಬೋರಮ್ಮ. ಆದರೆ ಆ ರಾತ್ರಿಯ ಊಟ ಅವಳಿಗೆ ಸೇರಲಿಲ್ಲ. ಕೂಲಿ ಮಾಡಿ ಬದುಕಿದವಳು ಒಬ್ಬರ ಗೇಟಿನ ಮುಂದೆ ಕೈ ಒಡ್ಡಿ ನಿಂತದ್ದು ಇದೇ ಮೊದಲು. ಹೋದದ್ದು ಸರಿಯೇ ಅನ್ನಿಸುತ್ತಿತ್ತು, ಅವರು ನಕ್ಕದ್ದು ಮಾತ್ರ ಕಿವಿಯಿಂದ ಹೋಗುತ್ತಿರಲಿಲ್ಲ.

ವಿಡಿಯೋ ಮಾಡಿಕೊಂಡ ಗೆಳೆಯ ಅದನ್ನು ನಾಲ್ಕು ಜನಕ್ಕೆ ಕಳಿಸಿದ. ನಾಲ್ವರು ನಾನೂರು ಜನಕ್ಕೆ ಕಳಿಸಿದರು. ಮಂಡ್ಯದ ಒಂದು ಪತ್ರಿಕೆ 'ಸರಾಸರಿ ಕೇಳಲು ಬಂದ ಅಜ್ಜಿ' ಎಂದು ಫೋಟೋ ಹಾಕಿತು. ಓದಿದವರೆಲ್ಲ ನಕ್ಕರು, ಆದಾಯ ತೆರಿಗೆಯವರನ್ನು ಬಿಟ್ಟು. ಅವರಿಗೆ ನಗು ಬರುವ ಬದಲು ಕುತೂಹಲ ಹುಟ್ಟಿತು. ಏಳು ಎಕರೆಯಲ್ಲಿ ಇಪ್ಪತ್ತೈದು ಕೋಟಿ ಬೆಳೆಯುವ ಮಣ್ಣನ್ನು ಒಮ್ಮೆ ನೋಡಿ ಬರೋಣ ಎಂದು ತೀರ್ಮಾನಿಸಿದರು.

ಅವರು ಬರುವ ಹಿಂದಿನ ದಿನ ಹೊನ್ನಯ್ಯ ಚಿಕ್ಕಬೋರಮ್ಮನ ಮನೆಗೆ ಬಂದ. ಅವನು ಆ ಬೀದಿಗೆ ಬಂದದ್ದು ಚುನಾವಣೆ ಆದ ಮೇಲೆ ಅದೇ ಮೊದಲು. ಜಗುಲಿಯ ಮೇಲೆ ಕೂತು ನೀರು ಕೇಳಿ ಕುಡಿದ.

"ಅಕ್ಕ, ನಾಳೆ ಆಪೀಸರ್‌ಗಳು ಬತ್ತಾರೆ. ಜಯಪ್ರಕಾಶಣ್ಣನ ತ್ವಾಟದಲ್ಲಿ ದಪ್ ಮೆಣ್ಸಿನ್ಕಾಯಿ ಕಿತ್ತಿದ್ದೊ ಅಂತ ನೀನು, ನಿನ್ ಜೊತೆ ಎಂಗಸ್ರು, ಒಂದ್ ಮಾತು ಯೋಳ್ಬುಡಿ. ಅಷ್ಟೆಯ."

"ನಾನ್ಯಾವತ್ತು ಕಿತ್ತೆ?"

"ಕಿತ್ತೆ ಅನ್ಕೊ ಈಗ. ಇಲ್ದಿದ್ರೆ ಪ್ರಶಸ್ತಿ ವಾಪಸ್ ತಕ್ಕತಾರೆ. ಊರ್ ಮರ್ವಾದೆ ಓಯ್ತದೆ. ಒಬ್ಬೊಬ್ಬರಿಗೂ ಒಂದೊಂದು ಸೀರೆ ಕೊಡ್ತಾರಂತೆ."

ಚಿಕ್ಕಬೋರಮ್ಮ ಸೊಸೆಯ ಕಾಲಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಬೆರಳು ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಅವಳು ಆ ಗುಳಿಯ ಮೇಲೆ ಇನ್ನೊಂದಿಷ್ಟು ಎಣ್ಣೆ ಸವರಿದಳು.

"ಕಿತ್ತಿದ್ದೊ ಅಂತ ತಾನೆ? ಯೋಳ್ತೀನಿ ಬುಡು" ಎಂದಳು.

ಮಾರನೆಯ ದಿನ ಅಧಿಕಾರಿಗಳಿಬ್ಬರು ಬಂದರು. ಹಿರಿಯವರು ಕನ್ನಡಕದ, ಮೆದು ಮಾತಿನ ಮನುಷ್ಯ. ಹುಲ್ಲುಹಾಸು ನೋಡಿದರು, ಈಜುಕೊಳ ನೋಡಿದರು. ಬೆಳೆ ಎಲ್ಲಿ ಎಂದರು. ಕೊಯ್ಲು ಮುಗಿದಿದೆ, ಭೂಮಿಗೆ ವಿಶ್ರಾಂತಿ ಕೊಟ್ಟಿದ್ದೇವೆ ಎಂದ ಜಯಪ್ರಕಾಶ್ ಅವರ ಮ್ಯಾನೇಜರ್. ಕಿತ್ತವರು ಯಾರು ಎಂದರು. ಮ್ಯಾನೇಜರ್ ಕೈ ತೋರಿಸಿದ. ಸಾಲಾಗಿ ಹೆಂಗಸರು ನಿಂತಿದ್ದರು. ಊರಿನ ಮಾನದ ಪ್ರಶ್ನೆಯಾದ್ದರಿಂದ ಹೊನ್ನಯ್ಯ ಮನೆಮನೆಗೆ ಹೋಗಿ ಹೊರಡಿಸಿದ್ದ. ನೂರು ಜನ ಸಮೀಪ ಇದ್ದರು. ಸಣ್ಣತಾಯಮ್ಮನನ್ನೂ ಸಾಲಿನ ಕೊನೆಗೆ ನಿಲ್ಲಿಸಿದ್ದ.

"ನೀವು ಇಲ್ಲಿ ಕೆಲಸ ಮಾಡಿದ್ದೀರಾ?" ಎಂದು ಹಿರಿಯ ಅಧಿಕಾರಿ ಚಿಕ್ಕಬೋರಮ್ಮನನ್ನು ಕೇಳಿದರು.

"ಮಾಡಿದ್ದೀವಿ ಸಾಮಿ. ದಪ್ ಮೆಣ್ಸಿನ್ಕಾಯಿ ಕೀಳದು."

"ತುಂಬಾ ಬೆಳೆಯಿತ್ತಾ?"

"ಅಯ್ಯೋ, ಕಿತ್ತಷ್ಟೂ ಮುಗೀತಿರ್ನಿಲ್ಲ. ಒತ್ತಾರೆಯಿಂದ ಬೈಗಿನ್ಗಂಟ ಕಿತ್ತಿದ್ದೇ ಕಿತ್ತಿದ್ದು. ಸೊಂಟ ಬಿದ್ದೋಯ್ತು."

ಮ್ಯಾನೇಜರ್ ಮುಖ ಅರಳಿತು. ಜಯಪ್ರಕಾಶ್ ಅವರು ಮರದ ನೆರಳಿನ ಕುರ್ಚಿಗೆ ಒರಗಿ ಕೂತರು.

"ಕೂಲಿ ಎಷ್ಟು ಕೊಟ್ಟರು?"

"ಕೂಲಿನಾ?" ಚಿಕ್ಕಬೋರಮ್ಮ ಪಟ್ಟಲಮ್ಮನ ಕಡೆ ನೋಡಿದಳು. "ಕೂಲಿ ಇನ್ನೂ ಕೊಟ್ಟಿಲ್ಲ ಸಾಮಿ. ಐನೂರ್ ರೂಪಾಯಿ ಮುಂಗ್ಡ ಕೊಟ್ಟವ್ರೆ. ಅದ್ಕೇ ಅವತ್ತು ಗೇಟ್ ತಾವ ಕೇಳಕ್ಕೆ ಬಂದಿದ್ದು. ಪೇಪರ್‌ನೋರು ಅದ್ನೇ ಸರಾಸರಿ ಅಂತ ಬರ್ದ್‌ಬುಟ್ರು."

ಹೊನ್ನಯ್ಯನಿಗೆ ಕೆಮ್ಮು ಬಂತು. ಪಟ್ಟಲಮ್ಮ ತಡಮಾಡಲಿಲ್ಲ. "ನಂಗಂತೂ ಮುಂಗ್ಡಾನೂ ಕೊಟ್ಟಿಲ್ಲ" ಎಂದಳು. ಅವಳ ಹಿಂದಿನವಳು ತನಗೂ ಎಂದಳು. ಮಾತು ಸಾಲಿನುದ್ದಕ್ಕೂ ನೀರು ಹಾಯಿಸಿದ ಹಾಗೆ ಹರಿದುಕೊಂಡು ಹೋಗಿ ಕೊನೆ ಮುಟ್ಟಿತು. ಕೊನೆಯಲ್ಲಿದ್ದ ಸಣ್ಣತಾಯಮ್ಮ ಗಂಡನ ಮುಖ ನೋಡಿದಳು, ಆಮೇಲೆ ಅಧಿಕಾರಿಯ ಮುಖ ನೋಡಿದಳು.

"ನನ್ದೂ ಬಾಕಿ ಐತೆ ಸಾರ್" ಎಂದಳು.

ಹಿರಿಯ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಜಯಪ್ರಕಾಶ್ ಅವರ ಹತ್ತಿರ ಹೋಗಿ, ಅದೇ ಮೆದು ದನಿಯಲ್ಲಿ ಹೇಳಿದರು: "ಇಷ್ಟು ಮೆಣಸಿನಕಾಯಿ ಕೀಳಬೇಕಾದರೆ ಇವರೆಲ್ಲ ವರ್ಷಪೂರ್ತಿ ದುಡಿದಿರಬೇಕು. ಒಂದೋ ಇವರ ಕೂಲಿ ಬಾಕಿ ಇದೆ, ಇಲ್ಲವೋ ಇವರು ಇಲ್ಲಿ ಏನನ್ನೂ ಕಿತ್ತಿಲ್ಲ. ಯಾವುದು ಅಂತ ನೀವೇ ಹೇಳಿ, ಬರೆದುಕೊಳ್ಳುತ್ತೇನೆ."

ಜಯಪ್ರಕಾಶ್ ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ಈಜುಕೊಳದ ಕಡೆ ನೋಡಿದ.

"ಬಾಕಿ ಇದೆ" ಎಂದರು ಜಯಪ್ರಕಾಶ್.

ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು ದಾಖಲೆ ತೋರಿಸಬೇಕೆಂದು ಅಧಿಕಾರಿ ಹೇಳಿ ಹೋದರು. ತಿಂಗಳೊಪ್ಪತ್ತಿನಲ್ಲಿ ಕೊಪ್ಪಲಿನ ಹೆಂಗಸರ ಖಾತೆಗಳಿಗೆ ಒಬ್ಬೊಬ್ಬರಿಗೆ ಎಂಬತ್ತು ಸಾವಿರದ ಹಾಗೆ ಬಂದು ಬಿತ್ತು. ಅವರು ಜನ್ಮದಲ್ಲಿ ಕೀಳದ ಮೆಣಸಿನಕಾಯಿಗೆ ಕೂಲಿ. ಬೋಂಡದಲ್ಲಿ ಬಿಟ್ಟರೆ ಆ ಕಾಯನ್ನು ಬಹುಪಾಲು ಜನ ಮುಟ್ಟಿಯೂ ಇರಲಿಲ್ಲ.

ದುಡ್ಡು ಬಂದ ಮೇಲೆ ಚಿಕ್ಕಬೋರಮ್ಮನಿಗೆ ಸಮಾಧಾನವಿರಲಿಲ್ಲ. ಹಿಂದೆ ಅವಳು ಸುಳ್ಳು ಹೇಳಿಲ್ಲವೆಂದಲ್ಲ; ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ಜನರ ಮುಂದೆ ಹೇಳಿರಲಿಲ್ಲ. ಮುತ್ತತ್ತಿಗೆ ಹೋಗಿ ಆಂಜನೇಯನಿಗೆ ತಪ್ಪುಕಾಣಿಕೆ ಹಾಕಿ ಬರುತ್ತೇನೆಂದು ಹೊರಟಳು. ಸಣ್ಣತಾಯಮ್ಮ ತಾನೂ ಬರುತ್ತೇನೆಂದಳು. ಗಂಡನನ್ನು ಕೇಳಲಿಲ್ಲ, ಹೇಳಿದಳು. ಅವಳ ಖಾತೆಗೆ ಅವಳ ಹೆಸರಿನಲ್ಲಿ ದುಡ್ಡು ಬಂದದ್ದು ಅದೇ ಮೊದಲು, ಮತ್ತು ಹೊನ್ನಯ್ಯ ಅದನ್ನು ಎರಡು ಸಲ ಕೇಳಿದ್ದ.

ಹುಂಡಿಗೆ ದುಡ್ಡು ಹಾಕಿ ಇಬ್ಬರೂ ಕಾವೇರಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಆಚೆ ದಡದ ಕಲ್ಲಿನ ಮೇಲೆ ಕೋತಿಯೊಂದು ಯಾರದೋ ಚಿಪ್ಸ್ ಪೊಟ್ಟಣ ಬಿಚ್ಚುತ್ತಿತ್ತು.

"ದೇವ್ರು ಏನಂದ?" ಎಂದು ಸಣ್ಣತಾಯಮ್ಮ ಕೇಳಿದಳು.

"ಏನೂ ಅನ್ನಿಲ್ಲ. ತಕ್ಕಂಡ." ಚಿಕ್ಕಬೋರಮ್ಮ ನೀರಿನಲ್ಲಿ ಕಾಲು ಆಡಿಸಿದಳು. "ಈ ದುಡ್ಡು ಕೈಲಿದ್ರೆ ಕರ್ಗೋಯ್ತದೆ ಕಣವ್ವ. ನನ್ ಸೊಸೆ ಕಾಲು ನೋಡುದ್ರೆ ಎದ್ರಿಕೆ ಆಯ್ತದೆ. ನರ್ಸಮ್ಮನ ತರ್ಸಕ್ಕೆ ಆಗಕಿಲ್ವಾ? ನೀನು ಅಧ್ಯಕ್ಷೆ ಅಲ್ವಾ?"

ಸಣ್ಣತಾಯಮ್ಮನನ್ನು ಹಾಗೆ ಯಾರೂ ಕರೆದಿರಲಿಲ್ಲ. ಬಸ್ಸು ಹತ್ತಿದ ಮೇಲೆ, "ನಾಳೆ ಪಕ್ಕದೂರ್ಗೆ ಓಗಿ ನೋಡವ" ಎಂದಳು.

ಪಕ್ಕದೂರಿಗೆ ಬಂದಿದ್ದ ನರ್ಸು ರುಕ್ಸಾರ್. ಮದ್ದೂರಿನವರು, ಗಂಡ ಶಾಕಿರ್ ಅಲ್ಲೇ ಬೈಕ್ ಮೆಕ್ಯಾನಿಕ್. ದಿನಾ ಬಸ್ಸಿನಲ್ಲಿ ಬಂದು ನಾಲ್ಕು ಊರು ನಡೆದು ಸುತ್ತಿ, ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕು. ಪಕ್ಕದೂರಿನಲ್ಲಿ ಮನೆ ಕೇಳಿದ್ದರು. ಹೆಸರು ಕೇಳಿದವರೆಲ್ಲ, ಅಯ್ಯೋ ನಿನ್ನೆಯೇ ಬೇರೆಯವರಿಗೆ ಕೊಟ್ಟೆವು ಎಂದಿದ್ದರು.

"ಇರೋಕೆ ಮನೆ, ಶೌಚಾಲಯ, ನೀರು, ಇಷ್ಟಿದ್ರೆ ನಾನು ಯಾವೂರಲ್ಲಾದ್ರೂ ಇರ್ತೀನಿ ಅಕ್ಕಾ" ಎಂದರು ರುಕ್ಸಾರ್. "ನಿಮ್ಮೂರೂ ನನ್ನ ನಾಲ್ಕರಲ್ಲೇ ಬರುತ್ತೆ. 'ಮುಂದುವರಿದ ಊರು' ಅಂತ ಕೊನೇಗೆ ಇಟ್ಟಿದ್ದಾರೆ. ಕೊನೇದಕ್ಕೆ ಬರೋ ಹೊತ್ತಿಗೆ ಬಸ್ ಟೈಮಾಗುತ್ತೆ."

ಸಣ್ಣತಾಯಮ್ಮ ಅವತ್ತು ಪಂಚಾಯಿತಿ ಕಚೇರಿಗೆ ಹೋಗಿ ಅಧ್ಯಕ್ಷರ ಕುರ್ಚಿಯಲ್ಲಿ ಕೂತಳು. ಟೀ ಕುಡಿಯಲು ಹೋಗಿದ್ದ ಹೊನ್ನಯ್ಯ ಬಂದು ನೋಡಿ, ಗೋಡೆ ಪಕ್ಕದ ಬೆಂಚಿನಲ್ಲಿ ಕೂತ. ಏಳು ಎನ್ನಲು ನಾಗರಾಜುವಿನ ಎದುರು ಬಾಯಿ ಬರಲಿಲ್ಲ. ಅವಳಿಗೆ ಕಾನೂನು ಗೊತ್ತಿರಲಿಲ್ಲ, ಆದರೆ ಉಪಕೇಂದ್ರದ ಬೀಗದ ಕೈ ಎಲ್ಲಿದೆ ಎಂದು ಕೇಳುವುದು ಗೊತ್ತಿತ್ತು. ಕೈ ಕಳೆದುಹೋಗಿತ್ತು. ಬೀಗ ಒಡೆಸಿದಳು. ಒಳಗೆ ಹಿಂದಿನ ಚುನಾವಣೆಯ ಬ್ಯಾನರುಗಳೂ ಒಂದು ಸಂಸಾರವಂದಿಗ ಬೆಕ್ಕೂ ಇದ್ದವು. ಕೂಲಿ ಬಂದ ಹೆಂಗಸರು ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಹಾಕಿ ಹಿಂಬದಿಯ ಎರಡು ಕೋಣೆ ರಿಪೇರಿ ಮಾಡಿಸಿ, ಶೌಚಾಲಯ ಕಟ್ಟಿಸಿ, ನೀರಿನ ಪೈಪು ಎಳೆಸಿದರು. ಕೆಲವರು ಹಾಕಲಿಲ್ಲ. ಪಟ್ಟಲಮ್ಮ ತನ್ನ ದುಡ್ಡಿನಲ್ಲಿ ಓಲೆ ಮಾಡಿಸಿಕೊಂಡು, ಹಾಕಿದವರ ಮುಂದೆ ತಲೆ ಅಲ್ಲಾಡಿಸಿಕೊಂಡು ಓಡಾಡಿದಳು.

ರುಕ್ಸಾರ್ ಬಂದು ನೆಲೆಸಿದ ಎರಡನೆಯ ದಿನವೇ ಅರ್ಪಿತಳ ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದರು. ಇನ್ನೊಮ್ಮೆ ನೋಡಿದರು. ತಲೆನೋವು ಬರುತ್ತದಾ, ಕಣ್ಣು ಮಂಜಾಗುತ್ತದಾ ಎಂದು ಕೇಳಿದರು. ಅರ್ಪಿತ ಹೂಂ ಎಂದಳು. ಬಸುರಿಯರಿಗೆ ಹಾಗೇ ಆಗುತ್ತದೆಂದು ತಿಳಿದಿದ್ದಳಂತೆ.

"ಈಗಲೇ ಮಂಡ್ಯಕ್ಕೆ" ಎಂದು ರುಕ್ಸಾರ್ ಎದ್ದೇ ಬಿಟ್ಟರು. ಆಂಬುಲೆನ್ಸಿಗೆ ಫೋನು ಮಾಡಿ, ತಾವೇ ಜೊತೆಗೆ ಹೋದರು. ಚಿಕ್ಕಬೋರಮ್ಮ ಆಸ್ಪತ್ರೆಯ ಕಾರಿಡಾರಿನ ನೆಲದ ಮೇಲೆ ಕೂತು, ಬಂದು ಹೋಗುವವರ ಪಾದಗಳನ್ನೇ ನೋಡುತ್ತಿದ್ದಳು. ಮಗ ಬಂದು ಪಕ್ಕದಲ್ಲಿ ಕೂತ. ಅವನು ಗೇಟಿನ ವಿಷಯ ಮತ್ತೆ ಎತ್ತಿರಲಿಲ್ಲ. ಆಪರೇಶನ್ ಮಾಡಿ ಮಗು ತೆಗೆದರು. ತಿಂಗಳು ತುಂಬಿರದ, ಅಂಗೈಯಷ್ಟು ಮುಖದ ಹೆಣ್ಣು ಕೂಸು. ಒಂದೆರಡು ದಿನ ತಡವಾಗಿದ್ದರೆ ತಾಯಿಯೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ರುಕ್ಸಾರ್ ಅವರಿಗೆ ಹೇಳಿದರು. ರುಕ್ಸಾರ್ ಅದನ್ನು ಚಿಕ್ಕಬೋರಮ್ಮನಿಗೆ ಹೇಳಿದ್ದು ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ.

ಅಷ್ಟರೊಳಗೆ ಜಯಪ್ರಕಾಶ್ ಬಂಗಲೆಯನ್ನು ಮಾರಿದ್ದರು. ಕೂಲಿ ಕೊಟ್ಟರೂ ತೆರಿಗೆಯವರು ಬಿಡಲಿಲ್ಲ, ಮೆಣಸಿನಕಾಯಿ ಮಾರಿದ ರಸೀದಿ ತೋರಿಸಿ ಎಂದು ಬೆನ್ನು ಹತ್ತಿದ್ದರು. ಜಯಪ್ರಕಾಶ್ ಆಧಾರ್ ವಿಳಾಸವನ್ನೂ ಬದಲಿಸಿಕೊಂಡರು. ಈಗ ಬೇರೆ ಯಾವುದೋ ಜಿಲ್ಲೆಯಲ್ಲಿ ದಾಳಿಂಬೆ ಬೆಳೆಯುತ್ತಾರಂತೆ, ಆ ಊರು ಬಹಳ ಬೇಗ ಮುಂದೆ ಬರುತ್ತಿದೆಯಂತೆ ಎಂದು ನಾಗರಾಜು ಹೇಳಿದ.

ಮರುವರ್ಷ ಮಂಡ್ಯದಲ್ಲಿ ಪರಿಶೀಲನಾ ಸಭೆ ಕರೆದರು. ಸಣ್ಣತಾಯಮ್ಮ ತಾನೇ ಹೋದಳು, ಜೊತೆಗೆ ಚಿಕ್ಕಬೋರಮ್ಮ. ಚಿಕ್ಕಬೋರಮ್ಮನನ್ನು ಬಾಗಿಲಲ್ಲೇ ಕೂರಿಸಿದರು. ಒಳಗೆ ಬಿದರಕೊಪ್ಪಲಿನ ಹೆಸರು ಬಂದಾಗ ಅಧಿಕಾರಿಗಳ ಧ್ವನಿ ಏರಿತು.

"ಹೋದ ವರ್ಷ ಜಿಲ್ಲೆಗೇ ಮೊದಲಿದ್ದ ಊರು. ಈ ವರ್ಷ ಕೊನೆಯಿಂದ ಐದನೆಯದು. ಒಂದೇ ವರ್ಷದಲ್ಲಿ ಹೀಗೆ ಕುಸಿಯೋಕೆ ಏನಾಯ್ತು ಅಧ್ಯಕ್ಷರೇ? ಬರ ಬಂತಾ? ಪ್ರವಾಹ ಬಂತಾ?"

ಸಣ್ಣತಾಯಮ್ಮ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು. "ಏನೂ ಬಂದಿಲ್ಲ ಸಾರ್. ಒಬ್ರು ಊರು ಬುಟ್ಟೋದ್ರು, ಅಷ್ಟೆ. ನರ್ಸಮ್ಮ ಬಂದವ್ರೆ. ಈ ವರ್ಸ ನಮ್ಮೂರಲ್ಲಿ ಬಾಣಂತಿ ಯಾರೂ ಸತ್ತಿಲ್ಲ. ಕೂಸು ಯಾವ್ದೂ ಸತ್ತಿಲ್ಲ. ಹಿಂದೆಲ್ಲಾ ವರ್ಸಕ್ಕೊಂದಾರ ಓಯ್ತಿತ್ತು. ಏಳ್ನೇ ಕ್ಲಾಸ್ ಮುಗ್ಸಿದ್ ಎಣ್ಮಕ್ಳೆಲ್ಲ ದೊಡ್ಡಿ ಐಸ್ಕೂಲಿಗೆ ಓಯ್ತಾವ್ರೆ. ಒಂಟಿಯಾಗಿ ನಾಲೆ ಏರಿ ಮೇಲೆ ಓಗದು ಬ್ಯಾಡ ಅಂತ ಎಂಗಸ್ರೇ ಪಾಳಿ ಮೇಲೆ ಬಸ್ ಸ್ಟಾಪ್‌ಗಂಟ ಬುಟ್ಟು ಬತ್ತೀವಿ."

ಅಧಿಕಾರಿಗಳು ತಾಳ್ಮೆಯಿಂದ ಕೇಳಿದರು. "ಒಳ್ಳೆಯದಮ್ಮ. ಆದರೆ ಅದು ಆರೋಗ್ಯ, ಶಿಕ್ಷಣ ಇಲಾಖೆಯವರ ವಿಷಯ. ಇದು ಸಮೃದ್ಧಿಯ ಸಭೆ. ಆದಾಯ ಯಾಕೆ ಇಳಿಯಿತು, ಏರಿಸೋಕೆ ಏನು ಕ್ರಮ, ಅಷ್ಟು ಹೇಳಿ." ಅವಳು ಬಾಯಿ ತೆರೆಯುವುದರೊಳಗೆ ಮುಂದಿನ ಊರಿನ ಹೆಸರು ಕೂಗಿದರು.

ಊಟದ ಪೊಟ್ಟಣ ಎರಡು ಇಸಿದುಕೊಂಡು ಅವಳು ಹೊರಗೆ ಬಂದಳು. ಇಬ್ಬರೂ ಹೊಂಗೆ ಮರದ ಕೆಳಗೆ ಕೂತು ಪಲಾವು ತಿಂದರು.

"ಏನಂದ್ರು?" ಎಂದಳು ಚಿಕ್ಕಬೋರಮ್ಮ.

"ನಾವು ಬಡವ್ರಾಗ್ಬುಟ್ಟಿದ್ದೀವಿ ಅಂದ್ರು."

"ಯಾವಾಗಿಂದ್ಲಂತೆ?"

"ಈ ವರ್ಸದಿಂದ."

ಚಿಕ್ಕಬೋರಮ್ಮ ಅನ್ನದೊಳಗಿನ ಲವಂಗ ತೆಗೆದು ಪಕ್ಕಕ್ಕಿಟ್ಟಳು. ಮೂರೂವರೆಯ ಬಸ್ಸು ಸಿಕ್ಕರೆ ಮದ್ದೂರಿನಲ್ಲಿ ಇಳಿದು ಕೂಸಿಗೆ ಕಿವಿ ಮುಚ್ಚುವಂಥ ಟೋಪಿ ತೆಗೆದುಕೊಳ್ಳಬಹುದು, ಬೆಳಗಿನ ಹೊತ್ತು ನಾಲೆ ಗಾಳಿ ಜೋರಾಗಿದೆ ಎಂದಳು. ಸಣ್ಣತಾಯಮ್ಮ ಎಲೆ ಮಡಿಸಿ ಎದ್ದಳು. ಬಸ್ಸು ತುಂಬಿತ್ತು. ಹನಕೆರೆಯವರೆಗೆ ನಿಂತುಕೊಂಡೇ ಹೋದರು, ಆಮೇಲೆ ಒಂದು ಸೀಟು ಸಿಕ್ಕಿತು, ಇಬ್ಬರೂ ಒತ್ತರಿಸಿಕೊಂಡು ಕೂತರು.